ಬತ್ತಿ ಒಣಗದಂತೆ ನೋಡಿಕೋ

ಅಳಿಯ,

ಕಳೆದ ವಾರ ಎರಡು ದಿನ ನಮ್ಮಲ್ಲಿ ಇದ್ದು ಹೋದೆಯಲ್ಲ, ಹೊರಡುವ ಗಡಿಬಿಡಿಯಲ್ಲಿ ಬಚ್ಚಲುಮನೆಯ ಕಿಟಕಿಯ ಮೇಲೆ ಒಂದು ವಸ್ತು ಬಿಟ್ಟು ಹೋಗಿದ್ದೀಯ. ಮೊದಲು ಕಂಡದ್ದು ನಿನ್ನ ಅತ್ತೆಗೆ. "ಇದೇನು, ಟಾರ್ಚಾ?" ಎಂದು ತಂದು ನನ್ನ ಕೈಗಿಟ್ಟಳು. ಮೂಸಿದೆ. ಮೇಲೆ ಮಾವಿನಹಣ್ಣಿನ ಪರಿಮಳ, ಅಡಿಯಲ್ಲಿ ಸೀದ ವಾಸನೆ. ಪಾಯಸ ತಳ ಹಿಡಿದಾಗ ಏಲಕ್ಕಿ ಎಷ್ಟು ಹಾಕಿದರೂ ಮುಚ್ಚದ ವಾಸನೆಯೊಂದು ಇರುತ್ತದಲ್ಲ, ಅದೇ.

ನಾಲ್ಕು ದಿನವಾದರೂ ನಿನ್ನ ಫೋನಿಲ್ಲ. ಮಾವ ಬೈತಾರೆ ಎಂದು ಹೆದರಿರಬೇಕು. ಬೈಯುವ ಯೋಗ್ಯತೆ ನನಗಿಲ್ಲ ಮಾರಾಯ. ಹತ್ತೊಂಬತ್ತನೇ ವಯಸ್ಸಿಗೆ ಹಚ್ಚಿದ ಸಿಗರೇಟನ್ನು ಐವತ್ತೈದರವರೆಗೂ ಬಿಡಲಾಗದೆ ಒದ್ದಾಡಿದವನು ನಾನು. ಅದನ್ನು ಬಿಡಲು ನನಗೆ ನೆರವಾದದ್ದು ನೀನು ಬಿಟ್ಟು ಹೋದ ಈ ವೇಪಿನ, ಅಂದರೆ ಇ-ಸಿಗರೇಟಿನ, ಅಜ್ಜನಂಥ ಒಂದು ಕೊಳವೆ. ಹಾಗಾಗಿ ಈ ಪತ್ರದಲ್ಲಿ ಉಪದೇಶ ಕಡಿಮೆ, ರಿಪೇರಿ ಜಾಸ್ತಿ. ಬೆಂಗಳೂರಿನ ಕಾಲೇಜಿನಲ್ಲಿ ದಿನಕ್ಕೆ ಹತ್ತು ಸಿಗರೇಟು ಸೇದುತ್ತಿದ್ದೆ, ಇಲ್ಲಿ ಇಂಗ್ಲೆಂಡಿಗೆ ಬಂದ ಮೇಲೆ ಒಂದೂ ಇಲ್ಲ ಎಂದು ನಿನ್ನ ಅತ್ತೆಯ ಹತ್ತಿರ ಹೇಳಿದ್ದೀಯಂತೆ. ಅದು ನಿಜವಾದರೆ ಒಳ್ಳೆಯದೇ ಆಯಿತು. ಆದರೆ ಹಿಡಿದ ಉಪಕರಣವನ್ನು ಇಷ್ಟು ಕೊಳಕಾಗಿ ಇಟ್ಟುಕೊಳ್ಳುವುದನ್ನು ಮಾತ್ರ ನನ್ನಿಂದ ನೋಡಲಾಗದು. ಮೂವತ್ತು ವರ್ಷ ಇಂಗ್ಲೆಂಡಿನ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ಕುಳಿತು ನೆಬ್ಯುಲೈಸರ್, ಸಕ್ಷನ್ ಪಂಪು, ಅರಿವಳಿಕೆ ಯಂತ್ರ ಬಿಚ್ಚಿ ತೊಳೆದು ಜೋಡಿಸಿದ ಕೈ ಇದು. ಉಸಿರಿನ ದಾರಿಯಲ್ಲಿ ಬರುವ ಯಾವ ವಸ್ತುವನ್ನೇ ಆಗಲಿ, ಅದರೊಳಗೆ ಏನಿದೆ ಎಂದು ಬಿಚ್ಚಿ ನೋಡದೆ ಬಾಯಿಗಿಡಬಾರದು. ಇದು ನನ್ನ ಕಸುಬು ಕಲಿಸಿದ ಮೊದಲ ಪಾಠ.

ನಿನ್ನ ಅಜ್ಜಿ ಬೀಡಿ ಕಟ್ಟಿ ನನ್ನನ್ನೂ ನಿನ್ನ ಅಮ್ಮನನ್ನೂ ಓದಿಸಿದವಳು. ಕಾರ್ಕಳದ ಕಡೆಯ ನಮ್ಮ ಹಳೇ ಮನೆಯ ಜಗಲಿಯಲ್ಲಿ ಕಾಲು ಚಾಚಿ, ಗೆರಸಿಯನ್ನು ತೊಡೆಯ ಮೇಲಿಟ್ಟು, ನೆನೆಸಿದ ಎಲೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ತುಂಬಿ, ಸುರುಳಿ ಸುತ್ತಿ, ನೂಲು ಬಿಗಿದು, ಬಾಯಿ ಮಡಚುವುದು. ಲೆಕ್ಕ ಸಾವಿರದಲ್ಲಿ. ಕಟ್ಟು ಕಟ್ಟಿ ಬೀಡಿ ಕಂಪನಿಯ ಬ್ರಾಂಚಿಗೆ ಒಯ್ದುಕೊಡುವುದು ನನ್ನ ಕೆಲಸ. ಸಡಿಲವಾದವನ್ನು ಅಲ್ಲಿ ಎತ್ತಿ ಆಚೆ ಇಡುತ್ತಿದ್ದರು. ಅವಳು ಒಂದು ದಿನವೂ ಬೀಡಿ ಬಾಯಿಗಿಟ್ಟವಳಲ್ಲ. ಆದರೂ ಅವಳ ಸೀರೆಯ ಸೆರಗು, ತಲೆದಿಂಬು, ಬಡಿಸುವ ಕೈ ಎಲ್ಲವೂ ಹೊಗೆಸೊಪ್ಪಿನ ವಾಸನೆ. ಆ ವಾಸನೆ ನನಗೆ ತಾಯಿಯ ವಾಸನೆ. ಸಿಗರೇಟು ಬಿಡುವುದು ನನಗೆ ಯಾಕಷ್ಟು ಕಷ್ಟವಾಯಿತು ಎಂಬುದಕ್ಕೆ ನಿಕೋಟಿನ್ ಜೊತೆ ಇದೂ ಒಂದು ಕಾರಣ ಎಂದು ಈಗ ಅನ್ನಿಸುತ್ತದೆ. ಇರಲಿ.

2007ರ ಜುಲೈ 1ರಂದು ಇಂಗ್ಲೆಂಡಿನಲ್ಲಿ ಮುಚ್ಚಿದ ಸಾರ್ವಜನಿಕ ಜಾಗಗಳಲ್ಲಿ ಧೂಮಪಾನ ನಿಷೇಧವಾಯಿತು. ಅಲ್ಲಿಂದ ಆರು ವರ್ಷ ಮಳೆಯಲ್ಲಿ ಆಸ್ಪತ್ರೆಯ ಹಿಂಬಾಗಿಲ ಹೊರಗೆ, ಕಸದ ಡಬ್ಬಿಗಳ ಪಕ್ಕ ನಿಂತು ಸೇದಿದೆ. 2013ರಲ್ಲಿ ಸಹೋದ್ಯೋಗಿಯೊಬ್ಬ ಒಂದು ಇ-ಸಿಗರೇಟು ಕೊಟ್ಟ. ಪೆನ್ನಿನಂಥ ಬ್ಯಾಟರಿ, ತುದಿಯಲ್ಲಿ ಸಿಇ4 ಎನ್ನುವ ಪ್ಲಾಸ್ಟಿಕ್ ಟ್ಯಾಂಕು, ಒಳಗೆ ಜೋತುಬಿದ್ದ ನಾಲ್ಕು ಬಿಳಿ ದಾರ. ಮೊದಲ ರಾತ್ರಿಯೇ ಅದನ್ನು ಬಿಚ್ಚಿ ಅಡುಗೆಮನೆಯ ಮೇಜಿನ ಮೇಲೆ ಹರಡಿದೆ. ನೋಡಿದರೆ ಏನೂ ಇಲ್ಲ! ಒಂದು ಬತ್ತಿ, ಅದಕ್ಕೆ ಸುತ್ತಿದ ಒಂದು ತಂತಿ, ಮೇಲಕ್ಕೊಂದು ಚಿಮಣಿ. ನಮ್ಮೂರಿನ ಸೀಮೆಎಣ್ಣೆಯ ಬುಡ್ಡಿದೀಪವನ್ನು ಯಾರೋ ಬೆಂಕಿಯ ಬದಲು ಕರೆಂಟಿಗೆ ಹೊಂದಿಸಿದ ಹಾಗಿತ್ತು.

ಇಂದಿನ ರೂಪದ ಇ-ಸಿಗರೇಟನ್ನು 2003ರಲ್ಲಿ ಬೀಜಿಂಗಿನಲ್ಲಿ ಮಾಡಿದವನು ಹೊನ್ ಲಿಕ್ ಎಂಬ ಔಷಧತಜ್ಞ. ಅವನೂ ವಿಪರೀತ ಸೇದುತ್ತಿದ್ದವನೇ, ಅವನ ಅಪ್ಪ ತೀರಿಕೊಂಡದ್ದು ಶ್ವಾಸಕೋಶದ ಕ್ಯಾನ್ಸರಿನಿಂದ. ಅವನಿಗಿಂತ ನಾಲ್ಕು ದಶಕ ಮೊದಲೇ, 1963ರಲ್ಲಿ, ಅಮೆರಿಕದ ಹರ್ಬರ್ಟ್ ಗಿಲ್ಬರ್ಟ್ ಹೊಗೆಯಿಲ್ಲದ ಸಿಗರೇಟಿಗೆ ಪೇಟೆಂಟ್ ಅರ್ಜಿ ಹಾಕಿದ್ದ. ಆಗ ಅದನ್ನು ತಯಾರಿಸಿ ಮಾರುವವರು ಸಿಗಲಿಲ್ಲ. ಹೊನ್ ಲಿಕ್ ಮೊದಲು ಶ್ರವಣಾತೀತ ಕಂಪನದಿಂದ ದ್ರವವನ್ನು ತುಂತುರು ಮಾಡಿದ. ದ್ರವವನ್ನು ತುಂತುರು ಮಾಡುವ ಆ ಭಾಗಕ್ಕೆ ಅಟಮೈಜರ್ ಎಂಬ ಹೆಸರು ಸರಿ. ಈಗಿನದರಲ್ಲಿ ನಡೆಯುವುದು ಬಿಸಿ ಮಾಡಿ ಆವಿ ಎಬ್ಬಿಸುವುದು. ಹೆಸರು ಮಾತ್ರ ಹಾಗೇ ಉಳಿದಿದೆ.

ಅದರೊಳಗಿನ ಕೆಲಸ ನಿನಗೆ ಅರ್ಥವಾದರೆ ತೊಳೆಯುವ ಬಗೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಟ್ಯಾಂಕಿನಲ್ಲಿರುವ ದ್ರವ ಎಂದರೆ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ನಿಕೋಟಿನ್, ಮೇಲಿಷ್ಟು ಪರಿಮಳ. ಮೊದಲನೆಯದು ಕುದಿಯುವುದು 188 ಡಿಗ್ರಿ ಸೆಲ್ಸಿಯಸ್ಸಿನಲ್ಲಿ, ಗ್ಲಿಸರಿನ್ 290ರಲ್ಲಿ. ಹತ್ತಿಯ ಬತ್ತಿ ಈ ದ್ರವವನ್ನು ಹೀರಿ ಕಾಯಿಲಿಗೆ, ಅಂದರೆ ಸುರುಳಿ ಸುತ್ತಿದ ತಂತಿಗೆ, ತಲುಪಿಸುತ್ತದೆ. ಬತ್ತಿ ಒದ್ದೆಯಾಗಿರುವವರೆಗೆ ತಂತಿಯ ಬಿಸಿಯೆಲ್ಲ ದ್ರವವನ್ನು ಕುದಿಸುವುದಕ್ಕೇ ಖರ್ಚು. ಅದಕ್ಕಿಂತ ಮೇಲೆ ಹೋಗಲು ಬಿಸಿಗೆ ಪುರುಸೊತ್ತಿಲ್ಲ. ನಿನ್ನ ಅಮ್ಮ ಇಡ್ಲಿ ಪಾತ್ರೆಯ ತಳದಲ್ಲಿ ನೀರಿನ ಜೊತೆ ಒಂದು ನಾಣ್ಯ ಹಾಕುತ್ತಾಳಲ್ಲ? ನೀರಿರುವವರೆಗೆ ಅದು ಕಟಕಟ ಅನ್ನುತ್ತಿರುತ್ತದೆ. ಸದ್ದು ನಿಂತಿತೆಂದರೆ ನೀರು ಆರಿತು, ಇನ್ನು ತಳ ಸುಡುತ್ತದೆ ಎಂದು ಲೆಕ್ಕ. ಕಾಯಿಲೂ ಹಾಗೆಯೇ. ಬತ್ತಿ ಒಣಗಿದ ಕ್ಷಣ ತಂತಿಯ ಬಿಸಿ ಮೇಲೆ ಹಾರುತ್ತದೆ, ಹತ್ತಿ ಸುಡುತ್ತದೆ, ಗ್ಲಿಸರಿನ್ ಒಡೆದು ಅಕ್ರೋಲಿನ್, ಫಾರ್ಮಾಲ್ಡಿಹೈಡ್ ಆಗುತ್ತದೆ. ಇಲ್ಲಿನ ಹುಡುಗರು ಇದನ್ನು ಡ್ರೈ ಹಿಟ್ ಅನ್ನುತ್ತಾರೆ. ಗಂಟಲು ಕೆರೆದು ಕಣ್ಣಲ್ಲಿ ನೀರು ಬರುವ ಆ ಕಹಿ ನಿನ್ನ ಇಡ್ಲಿ ಪಾತ್ರೆಯ ನಾಣ್ಯ.

2015ರಲ್ಲಿ ಅಮೆರಿಕದ ಪೋರ್ಟ್‌ಲೆಂಡಿನ ರಸಾಯನಶಾಸ್ತ್ರಜ್ಞರು ಇದನ್ನು ಅಳೆದು ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದರು. ಬ್ಯಾಟರಿ 3.3 ವೋಲ್ಟಿನಲ್ಲಿದ್ದಾಗ ಫಾರ್ಮಾಲ್ಡಿಹೈಡ್ ಬಿಡುವ ವಸ್ತು ಕಾಣಲಿಲ್ಲ, 5 ವೋಲ್ಟಿಗೆ ಏರಿಸಿದಾಗ ಧಾರಾಳವಾಗಿ ಕಂಡಿತು. ಅಷ್ಟು ಬಿಸಿಯ ಆವಿಯನ್ನು ನಾಲಿಗೆಯಿರುವ ಮನುಷ್ಯ ಯಾರೂ ಎಳೆಯಲಾರ ಎಂದು ಬೇರೆ ವಿಜ್ಞಾನಿಗಳು ಜಗಳಕ್ಕೆ ಬಂದರು. ನನ್ನ ಮಟ್ಟಿಗೆ ಇಬ್ಬರ ಮಾತಿನಿಂದಲೂ ಹೊರಡುವುದು ಒಂದೇ: ಬಿಸಿ ಮಿತಿಯಲ್ಲಿರಲಿ, ನಾಲಿಗೆ ಹೇಳಿದ್ದನ್ನು ಕೇಳು. ನಿನ್ನ ಕಾಯಿಲಿನ ಮೈಮೇಲೆ ಸಣ್ಣಕ್ಷರದಲ್ಲಿ 0.8 ಓಮ್, 12ರಿಂದ 16 ವ್ಯಾಟ್ ಎಂದು ಬರೆದಿದೆ. ಕನ್ನಡಕ ಹಾಕಿ ಓದಿದೆ. ನೀನು ಇಟ್ಟಿದ್ದು 20ಕ್ಕೆ. ಸೀದ ವಾಸನೆ ಬಾರದೆ ಇನ್ನೇನು ಬಂದೀತು?

ಕಾಯಿಲನ್ನು ತಿರುಗಿಸಿ ಬಿಚ್ಚಿ, ಹಳೇ ವರ್ತಮಾನ ಪತ್ರಿಕೆಯ ಮೇಲಿಟ್ಟು, ನನ್ನ ಗಡಿಯಾರ ರಿಪೇರಿಯ ಭೂತಗನ್ನಡಿಯಲ್ಲಿ ನೋಡಿದೆ. ಬಿಳಿಯಾಗಿರಬೇಕಾದ ಹತ್ತಿ ಅಂಚಿನಲ್ಲಿ ಕಾಫಿ ಬಣ್ಣ, ನಡುವೆ ಮಸಿ. ತಂತಿಯ ಸುರುಳಿಗಳ ನಡುವಿನ ಸಂದು ಕಾಣುತ್ತಲೇ ಇರಲಿಲ್ಲ. ಕರಟಿದ ಬೆಲ್ಲದ ಪಾಕದ ಹಾಗೆ ಕಪ್ಪು ಹೊಳೆಯುವ ಹಕ್ಕಳೆಯೊಂದು ಅದನ್ನು ಮುಚ್ಚಿತ್ತು. ಗುಂಡುಸೂಜಿಯಿಂದ ಎಬ್ಬಿಸಿದರೆ ಪುಡಿಯಾಗಿ ಉದುರಿತು. ಉಗುರಿನಷ್ಟು ಜಾಗದಲ್ಲಿ ಇಷ್ಟು ಕಿಟ್ಟ! ಇದು ಎಲ್ಲಿಂದ ಬಂತು ಗೊತ್ತೇ? ನಿಕೋಟಿನ್ನಿನಿಂದಲ್ಲ, ಸಿಹಿಯಿಂದ. ಮಾವಿನಹಣ್ಣು, ಬಬಲ್ ಗಮ್, ಹತ್ತಿ ಮಿಠಾಯಿ ಎಂದೆಲ್ಲ ಹೆಸರಿಟ್ಟ ದ್ರವಗಳಿಗೆ ಸುಕ್ರಲೋಸ್ ಎಂಬ ಸಿಹಿಕಾರಕ ಸೇರಿಸುತ್ತಾರೆ. ಅದು ಆವಿಯಾಗಿ ಹೋಗುವ ಜಾತಿಯದಲ್ಲ. ತಂತಿಯ ಮೇಲೆ ಕೂತು ಸುಟ್ಟು ಇದ್ದಿಲಾಗುತ್ತದೆ. ಕಿಟ್ಟ ಕಟ್ಟಿದ ತಂತಿಗೆ ದ್ರವ ಸರಿಯಾಗಿ ಮುಟ್ಟುವುದಿಲ್ಲ, ರುಚಿ ಮಂಕಾಗುತ್ತದೆ, ರುಚಿ ಸಾಲದೆಂದು ನೀನು ವ್ಯಾಟ್ ಏರಿಸುತ್ತೀಯ, ಏರಿಸಿದರೆ ಇನ್ನಷ್ಟು ಕಿಟ್ಟ. ಮಾವಿನಹಣ್ಣು ಬೇಕಾದರೆ ಆಲ್ಫಾನ್ಸೋ ತಿನ್ನು ಮಾರಾಯ, ಏಪ್ರಿಲ್ಲಿನಲ್ಲಿ ಇಲ್ಲಿನ ಗುಜರಾತಿ ಅಂಗಡಿಗೂ ಪೆಟ್ಟಿಗೆಗಟ್ಟಲೆ ಬರುತ್ತದೆ. ಸೇದುವುದಕ್ಕೆ ಸಿಹಿಯಿಲ್ಲದ, ಬಣ್ಣವಿಲ್ಲದ ದ್ರವ ಹುಡುಕು. ಪುದೀನದ್ದೋ ತಂಬಾಕಿನದ್ದೋ ಆದರೆ ಕಾಯಿಲು ಎರಡು ವಾರ ದಾಟುತ್ತದೆ. ನಿನ್ನದು ನಾಲ್ಕು ದಿನವೂ ಬಾಳುವಂತಿಲ್ಲ.

ಈಗ ತೊಳೆಯುವ ವಿಷಯ. ಮೊದಲು ಬ್ಯಾಟರಿಯಿರುವ ಭಾಗವನ್ನು ಟ್ಯಾಂಕಿನಿಂದ ಬೇರೆ ಮಾಡಿ ನೀರಿನಿಂದ ಒಂದು ಮಾರು ದೂರ ಇಡು. ಇದನ್ನು ಹೇಳಬೇಕೇ ಎಂದು ನಗಬೇಡ. ಆಸ್ಪತ್ರೆಯಲ್ಲಿ ಪ್ಲಗ್ ಕೀಳದೆ ಯಂತ್ರ ಒರೆಸಿದವರನ್ನು ನಾನು ಕಂಡಿದ್ದೇನೆ. ಉಳಿದ ದ್ರವವನ್ನು ಸಿಂಕಿಗೆ ಸುರಿಯದೆ ಟಿಶ್ಯೂ ಕಾಗದಕ್ಕೆ ಹೀರಿಸು, ಕಾಗದವನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಕಸಕ್ಕೆ ಹಾಕು. ನಿಕೋಟಿನ್ ಚರ್ಮದ ಮೂಲಕವೂ ಇಳಿಯುತ್ತದೆ, ಹಾಗಾಗಿ ತೆಳು ಕೈಗವಸು ಹಾಕಿಕೊಂಡರೆ ಮರ್ಯಾದೆಗೇನೂ ಕಡಿಮೆಯಿಲ್ಲ. ಬಾಯಿಗಿಡುವ ತುದಿ, ಮೇಲಿನ ಮುಚ್ಚಳ, ಗಾಜಿನ ಕೊಳವೆ, ಚಿಮಣಿ, ಬುಡ, ಎಲ್ಲವನ್ನೂ ಬಿಚ್ಚು. ಕಪ್ಪನೆಯ ಸಣ್ಣ ರಬ್ಬರ್ ಬಳೆಗಳಿವೆಯಲ್ಲ, ಓ-ರಿಂಗು, ಅವನ್ನು ಸೂಜಿಯಿಂದ ಚುಚ್ಚಿ ಎಬ್ಬಿಸಬೇಡ, ಹರಿಯುತ್ತವೆ. ಬೆರಳಿನಿಂದ ಒಂದು ಬದಿಗೆ ತಳ್ಳಿ ಮಡಿಕೆ ಎದ್ದಾಗ ಹಿಡಿದು ತೆಗೆ. ಯಾವ ಬಳೆ ಎಲ್ಲಿಯದು ಎಂದು ಬಿಚ್ಚುವ ಮೊದಲೇ ಫೋನಿನಲ್ಲಿ ಒಂದು ಚಿತ್ರ ಹೊಡೆದುಕೋ. ಆಗ ನನಗೆ ಈ ಉಪಾಯ ಹೊಳೆದಿರಲಿಲ್ಲ. ಒಂದು ಬಳೆ ಸಿಂಕಿನ ತೂತಿನಲ್ಲಿ ಹೋಗಿ, ಅದಕ್ಕಾಗಿ ಪೈಪು ಬಿಚ್ಚಿ, ನಿನ್ನ ಅತ್ತೆಯಿಂದ ಏನೇನು ಕೇಳಿಸಿಕೊಂಡೆ ಎನ್ನುವುದು ಬೇರೆ ಕತೆ. ತೂತಿಗೆ ಮುಚ್ಚಳ ಹಾಕಿಯೇ ಕೂರು.

ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪಿನ ಒಂದೇ ಹನಿ. ಗ್ಲಿಸರಿನ್ ನೀರಿನಲ್ಲಿ ಕರಗುತ್ತದೆ, ಹಾಗಾಗಿ ತಿಕ್ಕಾಡುವ ಅಗತ್ಯವೇ ಇಲ್ಲ. ಹತ್ತು ನಿಮಿಷ ನೆನೆಸಿದರೆ ಜಿಡ್ಡು ತಾನಾಗಿ ಬಿಡುತ್ತದೆ. ಕುದಿಯುವ ನೀರು ಹಾಕಬೇಡ, ರಬ್ಬರು ಸಡಿಲವಾಗುತ್ತದೆ, ಗಾಜು ಬಿರಿಯಬಹುದು. ಚಿಮಣಿಯೊಳಗೆ ಹತ್ತಿ ಸುತ್ತಿದ ಕಡ್ಡಿಯೊಂದನ್ನು ತಿರುಗಿಸು. ಕಂದು ಬಣ್ಣ ಅಂಟಿ ಬಂದಷ್ಟು ಸಲ ಕಡ್ಡಿ ಬದಲಿಸು. ಆಮೇಲೆ ಹರಿಯುವ ನೀರಿನಲ್ಲಿ ಎರಡು ಸಲ ಜಾಲಿಸು, ಸೋಪಿನ ವಾಸನೆ ಹೋಗಬೇಕು. ಹಳೇ ಪರಿಮಳ ಹೋಗದಿದ್ದರೆ ಲೋಹ ಮತ್ತು ಗಾಜಿನ ಭಾಗಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಬಹುದು. ಒಲೆಯಿಂದ ದೂರ, ಕಿಟಕಿ ತೆರೆದು.

ಒಣಗಿಸುವುದರಲ್ಲಿ ಎಲ್ಲರೂ ಎಡವುತ್ತಾರೆ. ಆಸ್ಪತ್ರೆಯಲ್ಲಿ ನೆಬ್ಯುಲೈಸರಿನ ಬಟ್ಟಲನ್ನು ತೊಳೆದದ್ದೇ ಬಟ್ಟೆಯಲ್ಲಿ ಒರೆಸಿ ಡಬ್ಬಿಗೆ ಹಾಕಿಡುವವರಿಗೆ ನಾನು ಹೇಳಿ ಹೇಳಿ ಸೋತಿದ್ದೆ. ಒರೆಸುವ ಬಟ್ಟೆಯಲ್ಲೇ ರೋಗಾಣು ಇರುತ್ತದೆ, ಮುಚ್ಚಿದ ತೇವದಲ್ಲಿ ಬೆಳೆಯುತ್ತದೆ. ಸ್ವಚ್ಛವಾದ ಕಾಗದದ ಮೇಲೆ ಬಿಡಿಬಿಡಿಯಾಗಿ ಹರಡಿ ರಾತ್ರಿಯಿಡೀ ಗಾಳಿಗೆ ಬಿಡು. ಬೆಳಿಗ್ಗೆ ಜೋಡಿಸುವಾಗ ತಿರುಪುಗಳನ್ನು ಬಲಹಾಕಿ ತಿರುಗಿಸಬೇಡ. ಮೊದಲು ಎಡಕ್ಕೆ ಒಂದಿಷ್ಟು ತಿರುಗಿಸಿ, ತಿರುಪಿನ ಗೆರೆಗಳು ಒಂದಕ್ಕೊಂದು ಕೂತ ಸಣ್ಣ ಸದ್ದು ಬೆರಳಿಗೆ ಗೊತ್ತಾದ ಮೇಲೆ ಬಲಕ್ಕೆ. ಟ್ಯಾಂಕು ಬ್ಯಾಟರಿಗೆ ಕೂರುವ ಜಾಗದಲ್ಲಿ, 510 ಎನ್ನುತ್ತಾರೆ ಆ ಜೋಡಣೆಗೆ, ನಡುವೆ ಒಂದು ಪಿನ್ನಿದೆ. ಆವಿ ತಣ್ಣಗಾಗಿ ಇಳಿದ ಜಿಡ್ಡು ಅಲ್ಲಿ ಕೂತರೆ ಕರೆಂಟು ಸರಿಯಾಗಿ ಹರಿಯುವುದಿಲ್ಲ. "ಕಾಯಿಲ್ ಸಿಗುತ್ತಿಲ್ಲ" ಎಂದು ಪರದೆಯ ಮೇಲೆ ಬರುವುದು ಎಷ್ಟೋ ಸಲ ಇದರಿಂದಲೇ. ಹೊಸದು ಕೊಳ್ಳಲು ಓಡುವ ಮೊದಲು ಒಂದು ಒಣ ಕಡ್ಡಿಯಿಂದ ಒರೆಸಿ ನೋಡು.

ಕಾಯಿಲಿನ ಮಾತು ಬೇರೆ. ನಿನ್ನದರಲ್ಲಿರುವಂಥ ಸಿದ್ಧ ಕಾಯಿಲನ್ನು ತೊಳೆದು ಮತ್ತೆ ಬಳಸುವುದು ಜಿಪುಣತನ. ವೋಡ್ಕಾದಲ್ಲಿ ನೆನೆಸಿ, ಬಿಸಿನೀರಿನಲ್ಲಿ ಜಾಲಿಸಿ, ಎರಡು ದಿನ ಒಣಗಿಸಿ ಹಾಕುವವರಿದ್ದಾರೆ. ನಾನೂ ಮಾಡಿದ್ದೇನೆ. ಜಿಡ್ಡು ಹೋಗುತ್ತದೆ, ಆದರೆ ಸುಟ್ಟ ಹತ್ತಿ ಮತ್ತೆ ಬೆಳ್ಳಗಾಗುವುದಿಲ್ಲ. ಒಳಗೆ ತೇವ ಉಳಿದರೆ ದ್ರವ ಹೀರುವುದೂ ಇಲ್ಲ. ಎಸೆದುಬಿಡು. ಹೊಸದನ್ನು ಹಾಕುವಾಗ ಅವಸರ ಬೇಡ. ಹತ್ತಿ ಕಾಣುವ ಸಣ್ಣ ಕಿಂಡಿಗಳಿಗೆ ಒಂದೊಂದು ಹನಿ ದ್ರವ ಬಿಡು, ನಡುವಿನ ಕೊಳವೆಗೆ ಸುರಿಯಬೇಡ, ಟ್ಯಾಂಕು ತುಂಬಿಸಿ ಹತ್ತು ನಿಮಿಷ ಸುಮ್ಮನೆ ಇಡು. ಹೊಸ ಕಾಯಿಲುಗಳಲ್ಲಿ ಅರ್ಧಕ್ಕರ್ಧ ಸಾಯುವುದು ಈ ಹತ್ತು ನಿಮಿಷ ಕಾಯದವರ ಕೈಯಲ್ಲಿ ಎಂದು ನನ್ನ ಅಂದಾಜು. ಒಣ ಬತ್ತಿಗೆ ಬೆಂಕಿ ಹಚ್ಚುವವರುಂಟೇ? ದೇವರ ಮುಂದೆ ದೀಪ ಹಚ್ಚುವಾಗ ನಿನ್ನ ಅಮ್ಮ ಬತ್ತಿಯ ತುದಿಯನ್ನು ಎಣ್ಣೆಯಲ್ಲಿ ಅದ್ದಿ ಹಿಂಡಿ ಆಮೇಲಲ್ಲವೇ ಕಡ್ಡಿ ಗೀರುವುದು.

ನಾನು ನಡುವೆ ಒಂದೆರಡು ವರ್ಷ ಕೈಯಾರೆ ತಂತಿ ಸುತ್ತುವ ಅಟಮೈಜರಿನ ಹುಚ್ಚಿಗೂ ಬಿದ್ದಿದ್ದೆ. ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಸೇರಿದ ಕ್ಯಾಂಥಾಲ್ ತಂತಿಯನ್ನು ಸ್ಕ್ರೂಡ್ರೈವರಿನ ಸರಳಿಗೆ ಆರು ಸುತ್ತು ಸುತ್ತಿ, ನಡುವೆ ಹತ್ತಿ ಪೋಣಿಸುವುದು. ಅಲ್ಲಿ ತೊಳೆಯುವುದಕ್ಕೆ ಅರ್ಥವಿದೆ: ಹಳೇ ಹತ್ತಿ ಕಿತ್ತೆಸೆದು, ಕಡಿಮೆ ವ್ಯಾಟಿನಲ್ಲಿ ಒಂದೊಂದು ಸೆಕೆಂಡು ಗುಂಡಿ ಒತ್ತಿ ಬಿಟ್ಟರೆ ತಂತಿ ಮಂಕಾಗಿ ಕೆಂಪಾಗುತ್ತದೆ, ಕಿಟ್ಟ ಬೂದಿಯಾಗುತ್ತದೆ. ತಣ್ಣಗಾದ ಮೇಲೆ ಮೆದು ಬ್ರಶ್ಶಿನಲ್ಲಿ ಉಜ್ಜಿ, ನೀರಿನಲ್ಲಿ ಜಾಲಿಸಿ, ಒಣಗಿಸಿ, ಹೊಸ ಹತ್ತಿ. ಆದರೆ ತಂತಿ ಬೆಳ್ಳಗೆ ಉರಿಯುವಷ್ಟು ಕಾಯಿಸಿ ಶೋಕಿ ಮಾಡುವ ಹುಡುಗರನ್ನು ನೋಡಿ ಕಲಿಯಬೇಡ. ಪದೇ ಪದೇ ಕಾಸಿದ ಲೋಹ ಹಾಳಾಗುತ್ತದೆ, ಅದನ್ನು ಆಮೇಲೆ ಬಾಯಿಗಿಡುವುದು ನೀನೇ. ಎರಡು ಮೂರು ಸಲಕ್ಕೆ ತಂತಿಯನ್ನೂ ಬದಲಿಸಬೇಕು.

ಒಂದು ಭಾನುವಾರ ಹತ್ತಿ ಮುಗಿದಿತ್ತು, ಅಂಗಡಿ ಮುಚ್ಚಿತ್ತು. ನಿನ್ನ ಅತ್ತೆ ಊರಿನಿಂದ ತಂದಿಟ್ಟಿದ್ದ ಹೂಬತ್ತಿಯ ಹತ್ತಿಯಲ್ಲಿ ಚೂರು ಕದ್ದೆ. ಬೀಜ ಬಿಡಿಸಿದ, ಬ್ಲೀಚ್ ಮುಟ್ಟಿಸದ ಹತ್ತಿ. ಎಷ್ಟು ಚೆನ್ನಾಗಿ ಹೀರಿತು ಅಂತೀಯ! ಸಂಜೆ ದೀಪ ಹಚ್ಚಲು ಹೋದವಳು ಪೊಟ್ಟಣ ಬಿಚ್ಚಿದ್ದು ನೋಡಿ, "ದೇವರ ಬತ್ತಿಯಲ್ಲಿ ಹೊಗೆ ಬಿಡ್ತಿದ್ದೀರಾ?" ಎಂದು ಒಂದೇ ಮಾತು ಕೇಳಿದಳು. ಉತ್ತರ ಹೊಳೆಯಲಿಲ್ಲ. ಹತ್ತಿ ಸುರುಟುವ ಹದವನ್ನು ಆಮೇಲೆ ಅವಳೇ ತೋರಿಸಿಕೊಟ್ಟಳು ಅನ್ನುವುದು ಬೇರೆ. ಬಿಗಿಯಾದರೆ ಎಣ್ಣೆ ಏರುವುದಿಲ್ಲ, ಸಡಿಲವಾದರೆ ಮುಳುಗಿ ಗುಳುಗುಳು ಅನ್ನುತ್ತದೆ. ತಂತಿಯೊಳಗೆ ಎಳೆದಾಗ ಸ್ವಲ್ಪ ತಡೆದು ಜಾರಬೇಕು.

ಹಾಗೆಂದು ಕೈಯಾರೆ ಸುತ್ತುವ ಗೋಜಿಗೆ ನೀನು ಹೋಗಬೇಡ. ಅಲ್ಲಿ ಬ್ಯಾಟರಿಯ ಗಣಿತ ಬರುತ್ತದೆ. 3.7 ವೋಲ್ಟಿನ ಬ್ಯಾಟರಿಗೆ 1.2 ಓಮಿನ ತಂತಿ ಹಾಕಿದರೆ ಹರಿಯುವುದು ಮೂರು ಆಂಪಿಯರ್ ಚಿಲ್ಲರೆ. 0.2 ಓಮ್ ಮಾಡಿದರೆ ಹದಿನೆಂಟೂವರೆ. ಅಷ್ಟನ್ನು ಕೊಡಲಾಗದ ಬ್ಯಾಟರಿ ಕಾದು ಸಿಡಿಯಬಹುದು. ನಿನ್ನದು ಒಳಗೇ ಕೂರಿಸಿದ ಬ್ಯಾಟರಿ, ಅದರ ಜೊತೆ ಕೊಟ್ಟ ಕೇಬಲ್ಲಿನಲ್ಲೇ ಚಾರ್ಜು ಮಾಡು, ರಾತ್ರಿ ಹಾಸಿಗೆಯ ಮೇಲೆ ಚಾರ್ಜಿಗಿಟ್ಟು ಮಲಗಬೇಡ. ಬಿಡಿ ಬ್ಯಾಟರಿ, ಅಂದರೆ 18 ಮಿಲಿಮೀಟರ್ ದಪ್ಪ 65 ಉದ್ದದ 18650, ಎಂದಾದರೂ ಕೊಂಡರೆ ಕೀಲಿಕೈ, ಚಿಲ್ಲರೆ ಇರುವ ಜೇಬಿಗೆ ಹಾಕಬೇಡ. ಮೇಲಿನ ಪ್ಲಾಸ್ಟಿಕ್ ಸಿಪ್ಪೆ ಹರಿದದ್ದನ್ನು ಬಳಸಬೇಡ. ಇದನ್ನು ಮೀರಿ ತೊಡೆ ಸುಟ್ಟುಕೊಂಡವರು ಇಲ್ಲಿ ಸುಟ್ಟಗಾಯದ ವಾರ್ಡುಗಳಿಗೆ ಬಂದಿದ್ದಾರೆ.

ನನಗಾದ ಪೆಟ್ಟು ಬೇರೆ ಬಗೆಯದು. ಆ ಮೊದಲ ಪ್ಲಾಸ್ಟಿಕ್ ಟ್ಯಾಂಕಿಗೆ ಕಿತ್ತಳೆಯ ಪರಿಮಳದ ದ್ರವ ತುಂಬಿಸಿ ಅಂಗಿಯ ಜೇಬಿನಲ್ಲಿಟ್ಟು ಬಸ್ಸು ಹತ್ತಿದ್ದೆ. ಕಿತ್ತಳೆ, ನಿಂಬೆ, ದಾಲ್ಚಿನ್ನಿಯ ಎಣ್ಣೆಗಳು ಕೆಲವು ಪ್ಲಾಸ್ಟಿಕ್ಕನ್ನು ತಿನ್ನುತ್ತವೆ ಎಂಬುದು ನನಗೆ ಗೊತ್ತಿರಲಿಲ್ಲ. ಜೇಬಿನಲ್ಲೇ ಟ್ಯಾಂಕು ಬಿರುಕು ಬಿಟ್ಟು, ಮಿಲಿಲೀಟರಿಗೆ 18 ಮಿಲಿಗ್ರಾಂ ನಿಕೋಟಿನ್ ಇದ್ದ ರಸ ಎದೆಯ ಮೇಲೆ ಇಳಿಯಿತು. ಬೆವರು ಎಂದುಕೊಂಡೆ. ಇಪ್ಪತ್ತು ನಿಮಿಷಕ್ಕೆ ತಲೆ ತಿರುಗಿ, ಬಾಯಲ್ಲಿ ನೀರೂರಿ, ಮುಂದಿನ ನಿಲ್ದಾಣದಲ್ಲಿ ಇಳಿದು ಗೋಡೆ ಹಿಡಿದು ವಾಂತಿ ಮಾಡಿದೆ. ತಪ್ಪು ಪೂರ್ತಿ ನನ್ನದೇ. ಈಗ ನಿನ್ನದು ಗಾಜು, ಇಲ್ಲಿನ ಕಾನೂನಿನಂತೆ ಟ್ಯಾಂಕು 2 ಮಿಲಿಲೀಟರಿಗಿಂತ ದೊಡ್ಡದಿರುವಂತಿಲ್ಲ, ಬಾಟಲಿ 10 ಮಿಲಿಲೀಟರ್, ನಿಕೋಟಿನ್ ಮಿಲಿಲೀಟರಿಗೆ 20 ಮಿಲಿಗ್ರಾಂ ಮೀರುವಂತಿಲ್ಲ. ಆದರೂ ಆ ಬಾಟಲಿಯನ್ನು ನೀನಿರುವ ಮನೆಯವರ ಮಗು ತೆವಳುವ ನೆಲದ ಹತ್ತಿರ ಇಡಬೇಡ. ದೊಡ್ಡವನಾದ ನನಗೇ ಹಾಗಾಯಿತು. ಅಷ್ಟು ಚಿಕ್ಕ ಕೂಸು ಅದನ್ನು ಕುಡಿದರೆ ಪ್ರಾಣಕ್ಕೇ ಬರುತ್ತದೆ.

ಇನ್ನೊಂದು, ಇದು ನಮ್ಮವರಿಗೇ ಹೇಳಬೇಕಾದದ್ದು. ಶೀತವಾಗಿದೆ ಎಂದು ನೀಲಗಿರಿ ಎಣ್ಣೆ, ಘಮಕ್ಕೆಂದು ಲವಂಗದ ಎಣ್ಣೆ, ಯಾವುದನ್ನೂ ಟ್ಯಾಂಕಿಗೆ ಹಾಕಬಾರದು. ಎಣ್ಣೆ ಶ್ವಾಸಕೋಶಕ್ಕೆ ಸಲ್ಲದು. 2019ರಲ್ಲಿ ಅಮೆರಿಕದಲ್ಲಿ ವೇಪು ಸೇದಿದ ಹುಡುಗರು ಉಸಿರಾಡಲಾಗದೆ ಆಸ್ಪತ್ರೆ ಸೇರಿದ್ದು ನೆನಪಿದೆಯೇ? 2020ರ ಫೆಬ್ರುವರಿ ವೇಳೆಗೆ 2,807 ಮಂದಿ, ಅದರಲ್ಲಿ 68 ಸಾವು. ಗಾಂಜಾದ ಸಾರಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಎಂಬ ಎಣ್ಣೆಯೇ ಮುಖ್ಯ ಕಾರಣವೆಂದು ಹೊರಬಿತ್ತು. ಅದು ತಿಂದರೆ, ಮೈಗೆ ಹಚ್ಚಿದರೆ ಏನೂ ಮಾಡದ ವಸ್ತು. ಟ್ಯಾಂಕಿನ ಓ-ರಿಂಗಿಗೂ ಕೊಬ್ಬರಿ ಎಣ್ಣೆ ಸವರಬೇಡ, ಸೇದುವ ದ್ರವದ್ದೇ ಒಂದು ಹನಿ ಸಾಕು.

ಇಷ್ಟೆಲ್ಲ ಯಾಕೆ ಬರೆದೆನೆಂದರೆ, ನಿನ್ನ ವಯಸ್ಸಿನವರಿಗೆ ಈ ಯಂತ್ರದೊಳಗೆ ಬತ್ತಿಯೊಂದಿದೆ ಎಂಬುದೇ ಗೊತ್ತಿಲ್ಲ. ಬಣ್ಣಬಣ್ಣದ ಬಳಸಿ ಬಿಸಾಡುವ ವೇಪು ಸೇದಿ ರಸ್ತೆಗೆ ಎಸೆದು ಬೆಳೆದವರು ಇಲ್ಲಿನ ಹುಡುಗರು. 2025ರ ಜೂನ್ 1ರಿಂದ ಬ್ರಿಟನ್ನಿನಲ್ಲಿ ಅವುಗಳ ಮಾರಾಟ ನಿಂತಿತು. ಈಗ ಎಲ್ಲರ ಕೈಗೂ ತುಂಬಿಸಿ ಬಳಸುವ ಟ್ಯಾಂಕು ಬಂದಿದೆ, ತೊಳೆಯುವ ಅಭ್ಯಾಸ ಬಂದಿಲ್ಲ. ಬಂದರೆ ಒಂದು ಲಾಭವಿದೆ. ವಾರಕ್ಕೊಮ್ಮೆ ಬಿಚ್ಚಿ ಆ ಕಪ್ಪು ಹಕ್ಕಳೆಯನ್ನು ಕಣ್ಣಾರೆ ನೋಡುವವನು ತಾನು ಏನನ್ನು ಎಳೆಯುತ್ತಿದ್ದೇನೆ ಎಂದು ತನಗೆ ತಾನೇ ಸುಳ್ಳು ಹೇಳಿಕೊಳ್ಳಲಾರ. ನನ್ನ ಮಟ್ಟಿಗೆ ಅದು ನಿಲ್ಲಿಸುವ ದಾರಿಯಾಯಿತು. ದ್ರವದ ನಿಕೋಟಿನ್ ಪ್ರಮಾಣ 18ರಿಂದ 12, ಅಲ್ಲಿಂದ 6, ಆಮೇಲೆ 3, ಕೊನೆಗೆ ಸೊನ್ನೆ. ನಾಲ್ಕು ವರ್ಷ ಹಿಡಿಯಿತು. 2017ರ ಒಂದು ದಿನ ತೊಳೆದು ಕಾಗದದ ಮೇಲೆ ಒಣಗಲು ಇಟ್ಟ ಭಾಗಗಳನ್ನು ಜೋಡಿಸುವುದನ್ನೇ ಮರೆತೆ. ಮೂರನೇ ದಿನ ನೆನಪಾಯಿತು. ಜೋಡಿಸಲಿಲ್ಲ.

ಸಿಗರೇಟಿಗಿಂತ ಇದು ಶೇಕಡಾ 95ರಷ್ಟು ಕಡಿಮೆ ಕೇಡು ಎಂದು ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಇಲಾಖೆ 2015ರಲ್ಲಿ ಹೇಳಿತು. ಆ ಅಂಕಿಯನ್ನು ಒಪ್ಪದ ವೈದ್ಯರೂ ಇದ್ದಾರೆ. ಸಿಗರೇಟು ಬಿಡಲು ನಿಕೋಟಿನ್ ಪಟ್ಟಿ, ಚೂಯಿಂಗ್ ಗಮ್ಮಿಗಿಂತ ಇದು ಹೆಚ್ಚು ಜನರಿಗೆ ನೆರವಾಗುತ್ತದೆ ಎಂಬುದು ಕಾಕ್ರೇನ್ ಸಂಸ್ಥೆಯ ಪರಿಶೀಲನೆಯಲ್ಲಿ ಕಂಡದ್ದು. ಎರಡೂ ಮಾತು ಸಿಗರೇಟು ಸೇದುವವನಿಗೆ. ನಿನ್ನ ತಂಗಿ ಸೇದದವಳು, ಅವಳ ಕೈಗೆ ಇದನ್ನು "ಸುಮ್ಮನೆ ಒಂದು ಸಲ" ಎಂದು ಕೊಟ್ಟೆಯೋ, ಆಗ ಮಾತ್ರ ನಾನು ನಿಜವಾಗಿ ಬೈಯುತ್ತೇನೆ. ಈ ವಸ್ತು ಅಂಗಡಿಗೆ ಬಂದು ಇಪ್ಪತ್ತು ವರ್ಷ ಚಿಲ್ಲರೆ ಅಷ್ಟೆ. ಸಿಗರೇಟಿನ ಕೇಡನ್ನು ಲೆಕ್ಕ ಹಾಕಿ ತೋರಿಸಲು 1950ರವರೆಗೆ ಕಾಯಬೇಕಾಯಿತು.

ಡಿಸೆಂಬರಿನಲ್ಲಿ ಊರಿಗೆ ಹೊರಟಿದ್ದೀಯಲ್ಲ, ಅದೇ ಈ ಪತ್ರದ ಅವಸರ. ವಿಮಾನ ಮೇಲೇರಿದಾಗ ಒಳಗಿನ ಒತ್ತಡ ಇಳಿದು ತುಂಬಿದ ಟ್ಯಾಂಕು ಸೋರುತ್ತದೆ ಎಂಬುದು ಸಣ್ಣ ವಿಷಯ. ದೊಡ್ಡದು ಕಾನೂನು. ಕರ್ನಾಟಕ 2016ರಲ್ಲೇ ಇ-ಸಿಗರೇಟು ನಿಷೇಧಿಸಿತ್ತು. 2019ರಲ್ಲಿ ಇಡೀ ಭಾರತಕ್ಕೆ ಅನ್ವಯಿಸುವ ಕಾಯ್ದೆ ಬಂತು. ತಯಾರಿ, ಆಮದು, ಸಾಗಣೆ, ಮಾರಾಟ, ಜಾಹೀರಾತು ಎಲ್ಲಕ್ಕೂ ಮೊದಲ ಸಲಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ದಾಸ್ತಾನಿಗೆ ಆರು ತಿಂಗಳವರೆಗೆ ಜೈಲು ಅಥವಾ 50 ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಬೀದಿ ಬದಿಯಲ್ಲಿ ಬೀಡಿ, ಸಿಗರೇಟು ಸಿಗುವ ದೇಶದಲ್ಲಿ ಇದಕ್ಕೆ ಮಾತ್ರ ಯಾಕೆ ಎಂದು ನೀನು ವಾದಿಸಬಹುದು, ನಾನೂ ವಾದಿಸಿದ್ದೇನೆ. ಕಸ್ಟಮ್ಸಿನ ಮೇಜಿನ ಮುಂದೆ ಆ ವಾದ ನಡೆಯುವುದಿಲ್ಲ.

ನಿನ್ನ ವಸ್ತುವನ್ನು ತೊಳೆದು ಒಣಗಿಸಿ, ಹಳೇ ಕಾಯಿಲು ಎಸೆದು, ಹೊಸದು ಹಾಕಿ, 14 ವ್ಯಾಟಿಗೆ ಇಟ್ಟಿದ್ದೇನೆ. ಶನಿವಾರ ಬಂದು ತೆಗೆದುಕೊಂಡು ಹೋಗು, ಅತ್ತೆ ನೀರುದೋಸೆ ಮಾಡುತ್ತಾಳಂತೆ. ಊರಿಗೆ ಹೊರಡುವ ಹಿಂದಿನ ದಿನ ಮತ್ತೆ ತಂದು ನನ್ನ ಮೇಜಿನ ಎಡಗಡೆಯ ಖಾನೆಯಲ್ಲಿ ಬಿಟ್ಟು ಹೋಗು. ಆರು ವಾರ ಅಲ್ಲೇ ಇರಲಿ. ವಾಪಸು ಬಂದ ಮೇಲೆ ಬೇಕಾದರೆ ಕೇಳು, ಕೊಡುತ್ತೇನೆ. ನಾನಾಗಿ ನೆನಪು ಮಾಡುವುದಿಲ್ಲ.